ಹೋಮ್ ಪೇಜ್ ಸಂಚಾಲಕರು

ಕಾಲೇಜಿನ ವೆಬ್‌ಸೈಟ್ ಕಮಿಟಿಗೆ ಸಂಚಾಲಕರಾಗಲು ಕಂಪ್ಯೂಟರ್ ಬರಬೇಕೆಂದೇನೂ ಇಲ್ಲ. ಯಾರ ಫೋಟೊ ಯಾರ ಫೋಟೊಗಿಂತ ಮೇಲಿರಬೇಕು ಎಂಬುದು ಗೊತ್ತಿದ್ದರೆ ಸಾಕು. ನಮ್ಮ ಸಂಚಾಲಕರಿಗೆ ಅದು ಹುಟ್ಟಿನಿಂದಲೇ ಗೊತ್ತಿತ್ತು. ಇತಿಹಾಸ ವಿಭಾಗದ ಮುಖ್ಯಸ್ಥರಾಗಿ ವರ್ಷವಿಡೀ ಪಟ್ಟಕ್ಕಾಗಿ ನಡೆದ ಜಗಳಗಳನ್ನೇ ಪಾಠ ಮಾಡಿದ ಅನುಭವವೂ ಜೊತೆಗಿತ್ತು. ಯಾವ ಕಾಲೇಜು ಎಂದು ಕೇಳಬೇಡಿ. ನಿಮ್ಮ ಊರಿನದ್ದೇ ಇರಬಹುದು. ಇಂಥವರೊಬ್ಬರು ಇಲ್ಲದ ಕಾಲೇಜನ್ನು ನಾನಂತೂ ಕಂಡಿಲ್ಲ.

ಇವರನ್ನು ಗುರುತಿಸುವುದು ಸುಲಭ. ವೆಬ್‌ಸೈಟಿಗೆ ಒಂದು ಸಾಲನ್ನೂ ಬರೆದುಕೊಡುವವರಲ್ಲ. ಬೇರೆಯವರು ಬರೆದದ್ದನ್ನು ಓದುವವರೂ ಅಲ್ಲ. ಪರದೆಯಿಂದ ಎರಡು ಹೆಜ್ಜೆ ಹಿಂದೆ, ಕೈ ಬೆನ್ನಿಗೆ ಕಟ್ಟಿಕೊಂಡು, ಕನ್ನಡಕ ಹಣೆಗೇರಿಸಿ ನಿಲ್ಲುತ್ತಾರೆ. ‘ಅದನ್ನ ಸ್ವಲ್ಪ ಮೇಲೆ ಹಾಕಿ’ ಅನ್ನುತ್ತಾರೆ. ಹಾಕಿದ ಮೇಲೆ ಇನ್ನೆರಡು ಹೆಜ್ಜೆ ಹಿಂದೆ ಸರಿದು, ‘ಈಗ ನೋಡಿ, ಒಂದು ಕಳೆ ಬಂತು’ ಅನ್ನುತ್ತಾರೆ. ಮರುದಿನ ಬೆಳಿಗ್ಗೆ ಆ ಕಳೆ ಕೀಳಿಸಲು ತಾವೇ ಬರುತ್ತಾರೆ.

ಹಾಕುವವರೂ ಕೀಳುವವರೂ ಕಂಪ್ಯೂಟರ್ ಸೈನ್ಸ್ ಮೇಡಂ ಒಬ್ಬರೇ. ಅತಿಥಿ ಉಪನ್ಯಾಸಕಿ. ಈ ಕಥೆಯಲ್ಲಿ ತಂತ್ರಾಂಶ 5ನೇ ಆವೃತ್ತಿಯಿಂದ 8ನೆಯದಕ್ಕೆ ಏರುತ್ತದೆ. ಮೇಡಂ ಮೊದಲಿನಿಂದ ಕೊನೆಯವರೆಗೂ ಅತಿಥಿಯೇ.

ನಮ್ಮ ಸೈಟು ನಡೆಯುತ್ತಿದ್ದುದು ವೆಬ್‌ಸೈಟ್ ಕಟ್ಟುವ ತಂತ್ರಾಂಶವಾದ ಡ್ರೂಪಲ್‌ನಲ್ಲಿ. ಬೆಲ್ಜಿಯಂನ ಡ್ರೀಸ್ ಬೈಟಾರ್ಟ್ ಎಂಬ ವಿದ್ಯಾರ್ಥಿ ತನ್ನ ಹಾಸ್ಟೆಲಿನ ಗೆಳೆಯರು ಸುದ್ದಿ ಹಂಚಿಕೊಳ್ಳಲೆಂದು ಮಾಡಿದ್ದು ಬೆಳೆದು, 2001ರಲ್ಲಿ ಆ ಹೆಸರಿನಿಂದ ಎಲ್ಲರಿಗೂ ಪುಕ್ಕಟೆಯಾಗಿ ಸಿಕ್ಕಿತು. ಇದನ್ನು ಕೇಳಿದ ಸಂಚಾಲಕರು, ‘ಹಾಸ್ಟೆಲ್ ಹುಡುಗರು ಮಾಡಿದ್ದಾ? ಅದಕ್ಕೇ ಹಿರಿಯರು ಕಿರಿಯರು ಅನ್ನೋದು ಅದಕ್ಕೆ ತಿಳಿಯಲ್ಲ’ ಎಂದರು.

ಡ್ರೂಪಲ್‌ನಲ್ಲಿ ಪುಟವೆಂದರೆ ಕೆಲವು ವಲಯಗಳು: ತಲೆಯ ಕಡೆ ಹೆಡರ್, ಪಕ್ಕದಲ್ಲಿ ಸೈಡ್‌ಬಾರ್, ನಡುವೆ ಮುಖ್ಯ ವಿಷಯ, ತಳದಲ್ಲಿ ಫೂಟರ್. ಆ ವಲಯಗಳಲ್ಲಿ ಕೂರಿಸುವ ತುಂಡುಗಳೇ ಬ್ಲಾಕುಗಳು. ಪ್ರಾಂಶುಪಾಲರ ಸಂದೇಶ ಒಂದು ಬ್ಲಾಕು, ಓಡುವ ಸುದ್ದಿ ಪಟ್ಟಿ ಒಂದು ಬ್ಲಾಕು, ಗುಣಮಟ್ಟ ಖಾತರಿ ಕೋಶದ (ಐಕ್ಯೂಎಸಿ) ವರದಿಗಳ ಕೊಂಡಿ ಒಂದು, ರ‍್ಯಾಗಿಂಗ್ ತಡೆ ಸಮಿತಿಯ ಫೋನ್ ನಂಬರು ಇನ್ನೊಂದು. ಸಂಚಾಲಕರು ಇದನ್ನೆಲ್ಲ ಒಂದೇ ಗಳಿಗೆಯಲ್ಲಿ ಅರ್ಥ ಮಾಡಿಕೊಂಡರು. ಅವರ ಲೆಕ್ಕದಲ್ಲಿ ಹೆಡರ್ ಎಂದರೆ ವೇದಿಕೆ, ಸೈಡ್‌ಬಾರ್ ಎಂದರೆ ಮುಂದಿನ ಸಾಲಿನ ಸೋಫಾ, ಫೂಟರ್ ಎಂದರೆ ಶಾಮಿಯಾನದ ಹೊರಗೆ. ರ‍್ಯಾಗಿಂಗ್ ತಡೆ ಸಮಿತಿ ಅಂದಿನಿಂದ ಶಾಮಿಯಾನದ ಹೊರಗೇ ಉಳಿಯಿತು.

2007ರಲ್ಲಿ, ಡ್ರೂಪಲ್ 5ರ ಕಾಲಕ್ಕೆ, ಪ್ರತಿ ಬ್ಲಾಕಿಗೂ ಒಂದು ತೂಕವಿತ್ತು. ಮೈನಸ್ 10ರಿಂದ 10ರ ತನಕ ಒಂದು ಅಂಕಿಯನ್ನು ಪಟ್ಟಿಯಿಂದ ಆರಿಸಬೇಕು. ಹಗುರಾದದ್ದು ಮೇಲೆ ತೇಲುತ್ತದೆ, ಭಾರವಾದದ್ದು ಕೆಳಗಿಳಿಯುತ್ತದೆ. ಭೌತಶಾಸ್ತ್ರದವರಿಗೆ ಇದು ಸರಿ ಅನ್ನಿಸಿತು. ಇತಿಹಾಸದವರಿಗೆ ಅನ್ನಿಸಲಿಲ್ಲ.

‘ಪ್ರಿನ್ಸಿಪಾಲರಿಗೆ ಎಷ್ಟು ಕೊಟ್ಟಿದ್ದೀರಿ?’

‘ಮೈನಸ್ ಹತ್ತು ಸಾರ್.’

ಸಂಚಾಲಕರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು. ‘ಮೇಡಂ, ನಿಮಗೇನು, ನೀವು ಗೆಸ್ಟು. ಅವರಿಗೆ ಗೊತ್ತಾದರೆ ನನ್ನ ಗತಿ ಏನು?’

‘ಮೈನಸ್ ಜಾಸ್ತಿ ಇದ್ದಷ್ಟೂ ಮೇಲೆ ಬರುತ್ತೆ ಸಾರ್.’

‘ಅದು ನಿಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತು. ಅವರಿಗೆ ಗೊತ್ತಾ? ಪ್ಲಸ್ ಹತ್ತು ಮಾಡಿ.’

ಪ್ಲಸ್ ಹತ್ತಾದ ಪ್ರಾಂಶುಪಾಲರು ಪುಟದ ತಳ ಸೇರಿ, ಬಂದುಹೋದವರ ಸಂಖ್ಯೆ ತೋರಿಸುವ ಕೌಂಟರಿನ ಕೆಳಗೆ ವಾರವಿಡೀ ನಗುತ್ತ ಕುಳಿತಿದ್ದರು. ಆಮೇಲೆ ಗುಟ್ಟು ರಟ್ಟಾಗಿ, ಎಲ್ಲ ವಿಭಾಗಗಳೂ ಮೈನಸ್ ಹತ್ತಕ್ಕೆ ಅರ್ಜಿ ಹಾಕಿದವು. ಬ್ಯಾಲೆನ್ಸ್ ಶೀಟಿನಲ್ಲಿ ಮೈನಸ್ ಕಂಡರೆ ಬೆಚ್ಚಿಬೀಳುವ ಕಾಮರ್ಸಿನವರು, ‘ನಮಗೆ ಮೈನಸ್ ಹನ್ನೊಂದು ಸಿಗಲ್ವಾ?’ ಎಂದು ಬಂದು ಕೇಳಿದರು.

ಆದರೂ ಆ ಕಾಲದಲ್ಲಿ ಒಂದು ನೆಮ್ಮದಿಯಿತ್ತು. ಒಂದು ಬ್ಲಾಕನ್ನು ಮೇಲೆ ತರಬೇಕಾದರೆ ಸುತ್ತಲಿನ ನಾಲ್ಕಾರು ಬ್ಲಾಕುಗಳ ಅಂಕಿ ಬದಲಿಸಬೇಕು. ಮೇಡಂ ಕಾಗದದ ಮೇಲೆ ಲೆಕ್ಕ ಹಾಕುತ್ತಿದ್ದಂತೆ ಬೆಲ್ಲು ಹೊಡೆಯುತ್ತಿತ್ತು, ಸಂಚಾಲಕರು ಕ್ಲಾಸಿಗೆ ಹೋಗುತ್ತಿದ್ದರು, ವಾಪಸು ಬರುವಷ್ಟರಲ್ಲಿ ಅರ್ಧ ಆಸೆಗಳು ಆರಿರುತ್ತಿದ್ದವು. ತಂತ್ರಾಂಶದವರಿಗೆ ಇದು ಕುಂದಾಗಿ ಕಂಡಿತು. 2008ರ ಫೆಬ್ರವರಿಯಲ್ಲಿ ಡ್ರೂಪಲ್ 6 ಬಂತು. ಅಂಕಿಗಳ ಗೊಡವೆ ಹೋಗಿ, ಪ್ರತಿ ಬ್ಲಾಕಿನ ಎಡಕ್ಕೆ ನಾಲ್ಕು ಬಾಣಗಳ ಒಂದು ಪುಟ್ಟ ಹಿಡಿ ಬಂತು. ಹಿಡಿದು ಎಳೆದರೆ ಬ್ಲಾಕು ಬರುತ್ತದೆ, ಬಿಟ್ಟಲ್ಲಿ ಕೂರುತ್ತದೆ.

ಅವತ್ತು ಸಂಚಾಲಕರು ಮೊದಲ ಬಾರಿಗೆ ಕುರ್ಚಿಯಲ್ಲಿ ಕುಳಿತು ಮೌಸು ಹಿಡಿದರು. ಮೇಡಂ ಎದ್ದು ಎರಡು ಹೆಜ್ಜೆ ಹಿಂದೆ ನಿಂತರು. ಕಾಮರ್ಸ್ ವಿಭಾಗ ಕೆಳಗೆ ಜಾರಿತು. ಇತಿಹಾಸದ ವಿಚಾರ ಸಂಕಿರಣ ಮೇಲೇರಿತು. ಸರಿಸಿದ ಪ್ರತಿ ಸಾಲಿನ ಪಕ್ಕದಲ್ಲೂ ಒಂದು ನಕ್ಷತ್ರ ಚಿಹ್ನೆ ಮೂಡಿತು. ಅದು ತಮ್ಮ ಆಯ್ಕೆಗೆ ಸಿಕ್ಕ ಮೆಚ್ಚುಗೆ ಎಂದುಕೊಂಡು ಇನ್ನೂ ಕೆಲವನ್ನು ಎಳೆದರು. ಬದಲಾವಣೆಗಳು ಇನ್ನೂ ಉಳಿದಿಲ್ಲ, ‘ಸೇವ್ ಬ್ಲಾಕ್ಸ್’ ಒತ್ತಿದರೆ ಮಾತ್ರ ಉಳಿಯುತ್ತವೆ ಎಂದು ಪಟ್ಟಿಯ ಹತ್ತಿರ ಒಂದು ಎಚ್ಚರಿಕೆಯೂ ಬಂದಿತ್ತು. ಆದರೆ ಅವರು ಓದುವವರಲ್ಲ ಎಂದು ಆಗಲೇ ಹೇಳಿದ್ದೇನೆ. ಆ ಗುಂಡಿಯಾದರೋ ಪುಟದ ಕಟ್ಟಕಡೆಯಲ್ಲಿತ್ತು; ಕಡೆಯ ಜಾಗಗಳನ್ನು ನೋಡುವ ಅಭ್ಯಾಸ ಅವರಿಗಿರಲಿಲ್ಲ. ಕಿಟಕಿ ಮುಚ್ಚಿ ಎದ್ದು ಹೋದರು.

ಮರುದಿನ ನೋಡಿದರೆ ಕಾಮರ್ಸ್ ಯಥಾಸ್ಥಾನದಲ್ಲಿ ವಿರಾಜಮಾನವಾಗಿತ್ತು. ‘ರಾತ್ರೋರಾತ್ರಿ ಯಾರು ಬದಲಾಯಿಸಿದರು?’ ಎಂದು ತನಿಖೆಯೇ ನಡೆಯಿತು. ಕಾಮರ್ಸಿನವರಿಗೂ ಮೇಡಂ ಅವರ ಊರಿಗೂ ಇರುವ ಸಂಬಂಧ ಬೆಳಕಿಗೆ ಬಂತು. ಸೇವ್ ಒತ್ತಬೇಕಿತ್ತು ಎಂಬ ವಿವರಣೆಯನ್ನು ಕಮಿಟಿ ದಾಖಲಿಸಿಕೊಂಡಿತು, ನಂಬಲಿಲ್ಲ.

2011ರ ಡ್ರೂಪಲ್ 7ರಲ್ಲಿ ಪಟ್ಟಿಯ ಮೇಲೆ ಒಂದು ಕೊಂಡಿ ಬಂತು: ಸಾಲುಗಳ ತೂಕ ತೋರಿಸು. ಮೌಸು ಹಿಡಿದು ಎಳೆಯಲಾಗದವರಿಗೆ, ಕೀಬೋರ್ಡಿನಿಂದಲೇ ಕೆಲಸ ಮಾಡುವವರಿಗೆ ಅನುಕೂಲವಾಗಲೆಂದು ಮಾಡಿದ ಒಳ್ಳೆಯ ಏರ್ಪಾಡು. ಸಂಚಾಲಕರ ಬೆರಳು ಅಲ್ಲಿಗೇ ಹೋಯಿತು. ಎಳೆದಾಟದ ಪರದೆ ಸರಿದು ಹಳೆಯ ಅಂಕಿಗಳೆಲ್ಲ ಎದ್ದುಬಂದವು. ‘ಅಯ್ಯೋ, ಮೈನಸ್ಸು ಇನ್ನೂ ಇದೆಯಲ್ರೀ! ಹೋಯ್ತು ಅಂದಿದ್ರಲ್ಲ?’ ಹೊಸ ಪ್ರಾಂಶುಪಾಲರು ಬರುವುದರೊಳಗೆ ಅದನ್ನು ಮುಚ್ಚಿಸಲು ಅವರು ಪಟ್ಟ ಪಾಡು ಹೇಳತೀರದು.

ಅಲ್ಲಿಯ ತನಕ ಒಂದು ಥೀಮಿನಲ್ಲಿ, ಅಂದರೆ ಸೈಟಿನ ಒಂದು ವಿನ್ಯಾಸದಲ್ಲಿ, ಒಂದು ಬ್ಲಾಕನ್ನು ಒಂದೇ ಕಡೆ ಇಡಲು ಬರುತ್ತಿತ್ತು. ನಮ್ಮ ಕಾಲೇಜಿನ ಶಾಂತಿ ನಿಂತಿದ್ದೇ ಈ ಕೊರತೆಯ ಮೇಲೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. 2015ರ ನವೆಂಬರಿನಲ್ಲಿ ಬಂದ ಡ್ರೂಪಲ್ 8 ಆ ಮಿತಿಯನ್ನು ತೆಗೆದುಹಾಕಿತು. ಒಂದೇ ಬ್ಲಾಕನ್ನು ಎಷ್ಟು ಕಡೆ ಬೇಕಾದರೂ ಕೂರಿಸಿ. 7ರಿಂದ 8ಕ್ಕೆ ಹೋಗುವುದೆಂದರೆ ಸೈಟನ್ನು ಹೆಚ್ಚುಕಡಿಮೆ ಹೊಸದಾಗಿಯೇ ಕಟ್ಟಬೇಕು. ಮೇಡಂ ಒಂದು ರಜೆ ಪೂರ್ತಿ ಕೂತು ಕಟ್ಟಿದರು. ಅತಿಥಿಗಳಿಗೆ ರಜೆಯಲ್ಲಿ ಸಂಬಳವಿಲ್ಲ, ಕೆಲಸ ಉಂಟು. ಕಾಲೇಜು ತೆರೆದ ದಿನವೇ ಆಡಳಿತ ಮಂಡಳಿ ಅಧ್ಯಕ್ಷರ ಭಾವಚಿತ್ರ ಹೆಡರ್, ಎರಡೂ ಸೈಡ್‌ಬಾರ್ ಮತ್ತು ಫೂಟರ್ ಸೇರಿ ನಾಲ್ಕು ದಿಕ್ಕಿನಲ್ಲೂ ಪ್ರತ್ಯಕ್ಷವಾಯಿತು. ಪರೀಕ್ಷಾ ವೇಳಾಪಟ್ಟಿಗೆ ಮಾತ್ರ ಜಾಗವಿರಲಿಲ್ಲ.

ಪಕ್ಕದ ಊರಿನ ಕಾಲೇಜಿನವರು ವರ್ಡ್‌ಪ್ರೆಸ್ ಬಳಸುತ್ತಾರೆ. 2018ರ ಡಿಸೆಂಬರಿನಲ್ಲಿ ಅಲ್ಲಿ ಬರೆಯುವ ಪುಟವೂ ಬ್ಲಾಕುಮಯವಾಗಿ, ಒಂದು ಪ್ಯಾರಾ ಕೂಡ ಬ್ಲಾಕೇ ಆಯಿತು. 2022ರ ಆವೃತ್ತಿಯಲ್ಲಿ ಬ್ಲಾಕಿಗೆ ಬೀಗ ಹಾಕುವ ಸೌಲಭ್ಯ ಬಂತು. ಸರಿಸದಂತೆ ಒಂದು, ತೆಗೆಯದಂತೆ ಒಂದು. ಬೀಗದ ಸುದ್ದಿ ಕೇಳಿದ ಸಂಚಾಲಕರಿಗೆ ನಿದ್ದೆ ಬರಲಿಲ್ಲ. ‘ನಮ್ಮಲ್ಲೂ ಬೀಗ ತರಿಸಿ’ ಎಂದರು. ಬೀಗ ಹಾಕಿದವರಂತೆ ಹಕ್ಕಿರುವ ಬೇರೆಯವರೂ ಅದನ್ನು ತೆಗೆಯಬಹುದು ಎಂದು ಗೊತ್ತಾದ ಮೇಲೆ, ‘ಹಾಗಾದ್ರೆ ಅದೇನು ಬೀಗ!’ ಎಂದು ಸುಮ್ಮನಾದರು.

ಇಷ್ಟರಲ್ಲಿ ಅವರ ಮಗ ಒಂದು ಹೊಸ ಫೋನು ಕೊಡಿಸಿದ. ಅದರಲ್ಲಿ ಕಾಲೇಜಿನ ಸೈಟು ತೆರೆದರು. ಎಡ ಸೈಡ್‌ಬಾರೂ ಇಲ್ಲ, ಬಲ ಸೈಡ್‌ಬಾರೂ ಇಲ್ಲ. ಅಗಲ ಸಾಲದ ಪರದೆಯಲ್ಲಿ ವಲಯಗಳೆಲ್ಲ ಒಂದರ ಕೆಳಗೊಂದು ಇಳಿದು, ಇಡೀ ಕಾಲೇಜು ಒಂದೇ ಸಾಲಿನಲ್ಲಿ ನಿಂತಿತ್ತು. ಇಷ್ಟು ವರ್ಷ ಹೋರಾಡಿ ಗಳಿಸಿದ ಬಲಗಡೆಯ ಮೊದಲ ಜಾಗ ಮುಟ್ಟಬೇಕಾದರೆ ಹೆಬ್ಬೆರಳು ನೋಯುವಷ್ಟು ಉಜ್ಜಬೇಕು. ವಿದ್ಯಾರ್ಥಿಗಳು ಅಷ್ಟು ಉಜ್ಜುತ್ತಾರೆಯೇ ಎಂದು ಕಾರಿಡಾರಿನಲ್ಲಿ ಸಿಕ್ಕ ಒಬ್ಬನನ್ನು ಕೇಳಿದರು. ‘ನಾವು ಹೋಮ್ ಪೇಜ್ ನೋಡಲ್ಲ ಸಾರ್. ಗೂಗಲ್‌ನಲ್ಲಿ ಫೀಸ್ ಅಂತ ಹಾಕ್ತೀವಿ, ಸೀದಾ ಅಲ್ಲಿಗೇ ಹೋಗುತ್ತೆ’ ಎಂದ ಅವನು. ಸಂಚಾಲಕರು ಆ ಹುಡುಗನ ಹಾಜರಾತಿ ವಿಚಾರಿಸಿ ಕಳಿಸಿದರು.

ಸಮಸ್ಯೆ ಬಗೆಹರಿಸಿದ್ದು ಯಾವ ಹೊಸ ಆವೃತ್ತಿಯೂ ಅಲ್ಲ. ಬ್ಲಾಕಿನ ಸೆಟ್ಟಿಂಗಿನಲ್ಲಿ ‘ರೋಲ್ಸ್’ ಎಂದು ಒಂದು ಭಾಗವಿದೆ. ಯಾವ ಪಾತ್ರದವರು ಲಾಗಿನ್ ಆದಾಗ ಈ ಬ್ಲಾಕು ಕಾಣಬೇಕು ಎಂದು ಅಲ್ಲಿ ಗುರುತು ಹಾಕಬಹುದು. ಹಳೆಯ ಆವೃತ್ತಿಗಳಲ್ಲೂ ಇತ್ತು. ಮೇಲೆ ಕೆಳಗೆ ಎಳೆದಾಡುವ ಗದ್ದಲದಲ್ಲಿ ಯಾರೂ ಅದನ್ನು ತೆರೆದಿರಲಿಲ್ಲ. ಮೇಡಂ ತೆರೆದರು. ಪ್ರತಿ ವಿಭಾಗಕ್ಕೊಂದು ರೋಲ್ ಮಾಡಿದರು. ವಿಭಾಗ ಮುಖ್ಯಸ್ಥರೆಲ್ಲ ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸಿಕೊಂಡವರು, ಸದಾ ಲಾಗಿನ್ ಆಗಿಯೇ ಇರುವವರು. ಕಾಮರ್ಸಿನವರು ತೆರೆದರೆ ಕಾಮರ್ಸ್ ಎಲ್ಲಕ್ಕಿಂತ ಮೇಲೆ. ಭೌತಶಾಸ್ತ್ರದವರು ತೆರೆದರೆ ಭೌತಶಾಸ್ತ್ರ. ಲಾಗಿನ್ ಇಲ್ಲದ ಬಡಪಾಯಿ ವಿದ್ಯಾರ್ಥಿ ತೆರೆದರೆ ಶುಲ್ಕ ಕಟ್ಟುವ ಕೊನೆಯ ದಿನಾಂಕ, ಪರೀಕ್ಷಾ ವೇಳಾಪಟ್ಟಿ, ರ‍್ಯಾಗಿಂಗ್ ತಡೆ ಸಮಿತಿಯ ನಂಬರು.

ಕಾಲೇಜಿನಲ್ಲಿ ಅಭೂತಪೂರ್ವ ಶಾಂತಿ ನೆಲೆಸಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಎಲ್ಲರನ್ನೂ ಕನಿಕರದಿಂದ ನೋಡತೊಡಗಿದರು. ಸಂಚಾಲಕರಿಗೆ ಈ ಕನಿಕರವೇ ಅನುಮಾನ ತಂದಿತು. ಒಂದು ಸಂಜೆ ಕಾಮರ್ಸಿನವರ ಕಂಪ್ಯೂಟರಿನಲ್ಲಿ ಆಕಸ್ಮಿಕವಾಗಿ ಇಣುಕಿದರು. ನೇರ ಲ್ಯಾಬಿಗೆ ಬಂದರು. ನಾನು ಅಲ್ಲೇ ಕನ್ನಡ ಪುಟಗಳ ಕಾಗುಣಿತ ತಿದ್ದುತ್ತಿದ್ದೆ.

‘ಮೇಡಂ, ಅವರವರಿಗೆ ಅವರವರದ್ದೇ ಮೇಲೆ ಕಾಣುತ್ತಾ?’

‘ಹೌದು ಸಾರ್.’

‘ನನಗೆ ಕಾಣ್ತಿದ್ದ ಇತಿಹಾಸ?’

‘ಅದೂ ಹಾಗೇ ಸಾರ್.’

ಸಿಡಿಮಿಡಿಗೊಳ್ಳುತ್ತಾರೆ ಎಂದುಕೊಂಡೆ. ಅವರು ಕುರ್ಚಿ ಎಳೆದು ಕುಳಿತರು. ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು.

‘ಅಧ್ಯಕ್ಷರಿಗೂ ಒಂದು ರೋಲ್ ಇದೆಯಾ?’

‘ಇದೆ ಸಾರ್.’

‘ಅವರಿಗೆ ಏನು ಕಾಣುತ್ತೆ?’

‘ಅವರ ಭಾವಚಿತ್ರ ಸಾರ್.’

‘ಎಷ್ಟು ದೊಡ್ಡದು?’

‘ಪರದೆ ತುಂಬ.’

ಸಂಚಾಲಕರು ಎದ್ದರು. ‘ಒಳ್ಳೇ ಕೆಲಸ ಮಾಡಿದ್ದೀರಿ, ಯಾರಿಗೂ ಹೇಳಬೇಡಿ’ ಎಂದು ಹೊರಟವರು, ನನ್ನ ಕಡೆ ತಿರುಗಿ, ‘ಮುಂದಿನ ಮೀಟಿಂಗಿನಲ್ಲಿ ಇದು ಕಮಿಟಿಯ ಸಾಧನೆ ಅಂತ ಬರೆದುಕೊಳ್ಳಿ, ಏನು ಸಾಧನೆ ಅಂತ ಬರೀಬೇಡಿ’ ಎಂದರು.