ಬಂಗಾರ ಬಿಟ್ಟು ಮಣ್ಣು ಹಿಡಿದವನ ದರ್ಶನ

ಇಂಗ್ಲೆಂಡಿನ ಕನ್ನಡ ಮನೆಗಳಲ್ಲಿ ಮೇ ತಿಂಗಳು ಬಂತೆಂದರೆ ಮಾತಿನ ವರಸೆಯೇ ಬದಲಾಗುತ್ತದೆ. ಚಳಿಗಾಲವಿಡೀ ವೀಸಾ, ಮನೆಸಾಲದ ಬಡ್ಡಿ, ಮಕ್ಕಳ ಗ್ರಾಮರ್ ಸ್ಕೂಲು ಎನ್ನುತ್ತಿದ್ದವರು ಇದ್ದಕ್ಕಿದ್ದಂತೆ ಗೊಬ್ಬರ, ಗೊಂಡೆಹುಳು, ಮೆಂತ್ಯದ ಮಡಿ ಎನ್ನತೊಡಗುತ್ತಾರೆ. ಊರಲ್ಲಿ ಹೊಲದ ಕೆಲಸ ತಪ್ಪಿಸಿಕೊಳ್ಳಲೆಂದೇ ಎಂಜಿನಿಯರಿಂಗ್ ಓದಿದ ಜನ ಇವರು.

ನಾನೂ ಅದೇ ಗುಂಪಿನವನು. ಜೇವರ್ಗಿ ತಾಲ್ಲೂಕಿನ ಇಜೇರಿಯ ಎರಿ ಹೊಲದಲ್ಲಿ, ತೊಗರಿ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕುಳಿತು ಕರಿಕೆ ಕೀಳುತ್ತಾ, ‘ಇದರಿಂದ ಪಾರು ಮಾಡಪ್ಪಾ’ ಎಂದು ಶರಣಬಸಪ್ಪನಿಗೆ ಮೊರೆಯಿಟ್ಟವನು. ನಮ್ಮ ಕಡೆಯ ಅರಳಗುಂಡಗಿಯಲ್ಲಿ ಹುಟ್ಟಿ, ಸ್ವತಃ ಒಕ್ಕಲುತನ ಮಾಡಿದ ಶರಣನಿಗೆ ಆ ಮೊರೆ ಹೇಗೆ ಕೇಳಿಸಿತೋ! ನನ್ನನ್ನು ಸ್ಲೌ ಪಟ್ಟಣಕ್ಕೆ ಕಳಿಸಿದ, ಮನೆಯ ಹಿಂದೆ ಒಂದು ತುಂಡು ನೆಲವನ್ನೂ ದಯಪಾಲಿಸಿದ. ಅದರ ತುಂಬ ಕಳೆ.

ನನ್ನ ಹೆಂಡತಿ ಮೈಸೂರಿನವಳು. ಶುಕ್ರವಾರ ಸಂಜೆ ಲಕ್ಷ್ಮಿಗೆ ದೀಪ ಹಚ್ಚಿದ ಕೈಯಲ್ಲೇ ಟೀವಿ ಹಚ್ಚುತ್ತಾಳೆ. ಬಿಬಿಸಿಯಲ್ಲಿ 1968ರಿಂದ ನಡೆದುಬಂದ ‘ಗಾರ್ಡನರ್ಸ್ ವರ್ಲ್ಡ್’ ಅವಳ ಪಾಲಿಗೆ ಪುರಾಣ ಪ್ರವಚನ. ಪೌರಾಣಿಕರು ಮಾಂಟಿ ಡಾನ್. ಹೆಗಲಿಗೆ ಪಟ್ಟಿ, ಜೊತೆಗೊಂದು ನಾಯಿ, ಹೆರಿಫರ್ಡ್‌ಶೈರಿನ ತೋಟ. ಅವರು ಶುಕ್ರವಾರ ಏನು ಕತ್ತರಿಸುತ್ತಾರೋ ಶನಿವಾರ ನಾನು ಅದನ್ನು ಕತ್ತರಿಸಬೇಕು.

ಕಳೆದ ವರ್ಷ ಎಂದರೆ 2025ರ ಬೇಸಿಗೆಗೆ ಅವ್ವ ಬಂದಳು. ಇಂಗ್ಲಿಷಿನ ಗಂಧವಿಲ್ಲದಿದ್ದರೂ ಸೊಸೆಯ ಪಕ್ಕ ಕೂತು ಪ್ರವಚನ ಕೇಳಿದಳು. ‘ಸಲಿಕಿ ಹಿಡಿಯೋದು ಬರ್ತದ ಇವಗ’ ಎಂಬ ಸರ್ಟಿಫಿಕೇಟೂ ಕೊಟ್ಟಳು. ಮಾಂಟಿ ಡಾನ್ ಎಂಬತ್ತರ ದಶಕದಲ್ಲಿ ಹೆಂಡತಿಯೊಡನೆ ಫ್ಯಾನ್ಸಿ ಒಡವೆಗಳ ವ್ಯಾಪಾರ ಮಾಡಿ, ಅದು ಮುಳುಗಿದ ಮೇಲೆ ತೋಟಗಾರಿಕೆಗೆ ಬಂದವರು ಎಂದು ಸೊಸೆ ವಿವರಿಸಿದಾಗ ಅವ್ವನ ಗೌರವ ಇಮ್ಮಡಿಸಿತು. ‘ಬಂಗಾರ ಬಿಟ್ಟು ಮಣ್ಣ ಹಿಡದಾನಂದ್ರ ಶಾಣ್ಯಾ ಇದ್ದಾನ. ನೀ ಮಣ್ಣ ಬಿಟ್ಟು ಏನ್ ಹಿಡದಿ?’ ನಾನು ಹಿಡಿದಿದ್ದ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದೆ.

ಹಾಗೆ ಶುರುವಾಯಿತು ಚೆಲ್ಸಿ ಯಾತ್ರೆ. ಲಂಡನ್ನಿನ ಈ ಹೂವಿನ ಪ್ರದರ್ಶನ 1913ರಿಂದ ರಾಯಲ್ ಹಾಸ್ಪಿಟಲ್ ಅಂಗಳದಲ್ಲಿ ನಡೆಯುತ್ತದೆ. ಹಾಸ್ಪಿಟಲ್ ಎಂಬುದು ಹೆಸರಿಗಷ್ಟೇ, ಅದು ಮುದಿ ಸಿಪಾಯಿಗಳ ಆಶ್ರಮ. ಆ ವರ್ಷ ಮಾಂಟಿ ಡಾನ್ ಅಲ್ಲೊಂದು ತೋಟ ವಿನ್ಯಾಸ ಮಾಡಿದ್ದರು, ನಾಯಿಗಳಿಗಾಗಿ! ಟಿಕೆಟ್ಟಿನ ದರವನ್ನು ಅವ್ವನಿಂದ ಮುಚ್ಚಿಟ್ಟೆವು. ತೊಗರಿಯ ರೇಟಿಗೆ ಹೋಲಿಸಿ ಕ್ವಿಂಟಲ್ ಲೆಕ್ಕ ಹಾಕಿಬಿಡುತ್ತಾಳೆ.

‘ನಾಯಿಗೆ ತೋಟ ಏನು? ನಂಬಲ್ಲಿ ತೋಟಕ್ಕ ನಾಯಿ ಹೊಕ್ರ ಬಡಗಿ ತಗೋತಾರ’ ಎಂದು ಅವ್ವ ಗೊಣಗಿದಳು. ಅವಳನ್ನು ಮೆಚ್ಚಿಸಲು ಹೆಂಡತಿ ಇನ್ನೊಂದು ಕಥೆ ತೆಗೆದಳು. 2022ರಲ್ಲಿ ಇಲ್ಲಿ ಮೊದಲ ಬಹುಮಾನ ಪಡೆದದ್ದು ಕಾಡುಗಿಡ, ಕೆಸರು, ಬೀವರ್ ಎಂಬ ಪ್ರಾಣಿ ಕಟ್ಟಿದಂಥ ಕಟ್ಟಿಗೆಯ ಒಡ್ಡು, ಇಷ್ಟೇ ಇದ್ದ ತೋಟ. ಅವ್ವ ನಿಂತೇಬಿಟ್ಟಳು. ‘ಅದಕ್ಕ ಬಹುಮಾನ ಕೊಟ್ಟಾರಂದ್ರ ನಮ್ಮ ಹಳ್ಳದ ದಂಡಿ ಏನ್ ತಪ್ಪ ಮಾಡ್ಯದ?’ ಸೊಸೆಯ ಹತ್ತಿರ ಉತ್ತರವಿರಲಿಲ್ಲ, ತೀರ್ಪುಗಾರರ ಹತ್ತಿರವೂ ಇರಲಾರದು.

ಅಷ್ಟರಲ್ಲಿ ಗದ್ದಲ ಎದ್ದಿತು. ಎತ್ತಿದ ಮೊಬೈಲುಗಳ ಸಂದಿಯಲ್ಲಿ ಒಂದು ನೀಲಿ ಕೋಟು, ನರೆತ ಗುಂಗುರು ಕೂದಲು. ಹೆಂಡತಿ ಹಿಮ್ಮಡಿ ಎತ್ತಿ, ಕೈ ಮುಗಿಯುವುದೊಂದು ಬಾಕಿ. ಕೋಟು ಮಾಯವಾಯಿತು. ‘ನೋಡ್ದೆ ಕಣ್ರೀ!’ ಎಂದಳು. ಅವ್ವ ಕೇಳಿದ್ದು ಒಂದೇ: ‘ಉಗುರು ನೋಡ್ದೇನವ್ವಾ? ಒಕ್ಕಲಿಗನ ಗುರುತು ಉಗುರಿನಾಗ ಇರ್ತದ.’

ಉಗುರು ಸಿಕ್ಕಿದ್ದು ದೊಡ್ಡ ಡೇರೆಯೊಳಗೆ. ಸ್ವೀಟ್ ಪೀ ಹೂಗಳ ಮುಂದೆ ಒಬ್ಬ ಮುದುಕ ನಿಂತಿದ್ದ. ಕೋಟು ಇಸ್ತ್ರಿಯದ್ದು, ಉಗುರಿನ ಅಂಚು ಮಾತ್ರ ಕಪ್ಪು. ಅವ್ವ ಬಳ್ಳಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಕಾಯಿ ಎಲ್ಲಿ?’ ಎಂದಳು. ಅವಳ ಜೇವರ್ಗಿ ಕನ್ನಡ ಹೆಂಡತಿಯ ಮೈಸೂರು ಕನ್ನಡಕ್ಕೆ ಇಳಿದು, ಅಲ್ಲಿಂದ ಇಂಗ್ಲಿಷಿಗೆ ದಾಟಿ ಮುದುಕನನ್ನು ಮುಟ್ಟಿತು. ಕಾಯಿ ಕಟ್ಟಲು ಬಿಟ್ಟರೆ ಬಳ್ಳಿ ಹೂ ಬಿಡುವುದನ್ನೇ ನಿಲ್ಲಿಸುತ್ತದೆ, ಮೇಲಾಗಿ ಕಾಳು ವಿಷ, ತಿನ್ನಬಾರದು ಎಂದ. ತಿನ್ನಲಾಗದ ಕಾಳಿಗೆ ಇಷ್ಟು ಆರೈಕೆಯೇ ಎಂದು ಅವ್ವ ಅವನನ್ನು ಮರುಕದಿಂದ ನೋಡಿದಳು.

ಮುಂದೆ ದುಭಾಷಿಯ ಕೆಲಸವೇ ತಪ್ಪಿತು. ಎಳೆಯ ಸಸಿಗೆ ಹೀಗೆ ಮಾಡಬೇಕು ಎಂದು ಮುದುಕ ಹೆಬ್ಬೆರಳು, ತೋರುಬೆರಳು ಕೂಡಿಸಿ ಗಾಳಿಯಲ್ಲಿ ಒಂದು ಕುಡಿ ಚಿವುಟಿದ. ಅವ್ವ ತಕ್ಷಣ ತನ್ನ ಬೆರಳು ಕೂಡಿಸಿ ಅದೇ ಎತ್ತರದಲ್ಲಿ, ಅದೇ ಓರೆಯಲ್ಲಿ ಚಿವುಟಿದಳು. ನಮ್ಮಲ್ಲಿ ತೊಗರಿಗೆ ಮಾಡುವುದೂ ಅದನ್ನೇ. ಕುಡಿ ಚಿವುಟಿದರೆ ಗಿಡ ಮೇಲೆ ಏರದೆ ಪಕ್ಕಕ್ಕೆ ಟಿಸಿಲು ಒಡೆಯುತ್ತದೆ, ಟಿಸಿಲು ಹೆಚ್ಚಿದಷ್ಟೂ ಹೂವು. ತೊಗರಿಯೂ ಸ್ವೀಟ್ ಪೀಯೂ ಒಂದೇ ಕುಲದವು. ಇಬ್ಬರೂ ಇನ್ನೆರಡು ಸಲ ಗಾಳಿ ಚಿವುಟಿ ನಕ್ಕರು. ಟೀವಿ ನಾಯಕನನ್ನು ಮರೆತು ಹೆಂಡತಿ ಆ ಇಬ್ಬರ ಫೋಟೊ ತೆಗೆದಳು.

ನಾವು ಹೋದದ್ದು ಪ್ರದರ್ಶನದ ಕೊನೆಯ ದಿನವಾದ ಶನಿವಾರ. ಅಂದು ಸಂಜೆ ನಾಲ್ಕಕ್ಕೆ ಅಲ್ಲಿ ಗಂಟೆ ಬಾರಿಸುತ್ತಾರೆ. ಪ್ರದರ್ಶನದ ಗಿಡಗಳ ಮಾರಾಟಕ್ಕೆ ಅದೇ ಸೂಚನೆ. ಅಲ್ಲಿಯವರೆಗೆ ಸಾಲು ಮುರಿಯದ ಇಂಗ್ಲಿಷರು ಜಾತ್ರೆಯ ತೇರಿಗೆ ಬಾಳೆಹಣ್ಣು ಎಸೆಯುವವರಂತೆ ನುಗ್ಗಿದರು. ಅವ್ವನಿಗೆ ಮೊದಲ ಬಾರಿಗೆ ಈ ದೇಶ ತನ್ನದೆನ್ನಿಸಿತು. ಬೆರಳಲ್ಲೇ ಚೌಕಾಶಿ ನಡೆಸಿ, ಆಳುದ್ದದ ಡೆಲ್ಫಿನಿಯಮ್ ಒಂದನ್ನು ಅರ್ಧ ಬೆಲೆಗೆ ಇಳಿಸಿ ನನ್ನ ಹೆಗಲಿಗೆ ಏರಿಸಿದಳು. ಸ್ಲೋನ್ ಸ್ಕ್ವೇರ್ ನಿಲ್ದಾಣದಲ್ಲಿ ಹತ್ತಿದವರೆಲ್ಲ ಗಿಡ ಹಿಡಿದೇ ಇದ್ದರು. ಮನುಷ್ಯರು ನಿಂತಿದ್ದರು, ಕುಂಡಗಳಿಗೆ ಸೀಟು ಸಿಕ್ಕಿತ್ತು.

ಅಪ್ಪ ಅವ್ವ ಬಂದಾಗ ಅರಮನೆ ತೋರಿಸುವ ಕನ್ನಡಿಗರಿಗೆ ನನ್ನದೊಂದು ಮಾತು: ಚೆಲ್ಸಿಗೆ ಕರೆದೊಯ್ಯಿರಿ, ಶನಿವಾರದ ಟಿಕೆಟ್ಟನ್ನೇ ತೆಗೆಸಿ, ಚೌಕಾಶಿ ಅವರಿಗೇ ಬಿಡಿ. ಊರಿನ ಹೊಲ ಮಾತ್ರ ಮಾರಬೇಡಿ. ಇಲ್ಲಿ ಬಾಡಿಗೆಗೆ ಸಿಗುವ ಅಲಾಟ್‌ಮೆಂಟ್ ತುಂಡಿನ ವಾಡಿಕೆಯ ಅಳತೆ ಸುಮಾರು 250 ಚದರ ಮೀಟರು, ಅಂದರೆ ಎರಡೂವರೆ ಗುಂಟೆ. ಅನೇಕ ಊರುಗಳಲ್ಲಿ ಅದಕ್ಕೂ ವರ್ಷಗಟ್ಟಲೆ ಸರದಿ ಕಾಯಬೇಕು.