ನವಕರ್ನೆಲೋತ್ತರ ವೈಫೈಲೋಪ: ನಾಲ್ಕು ತಾಲ್ಲೂಕುಗಳ ಮತಭೇದ ವಿಚಾರ

ಸೂತ್ರ: ಕರ್ನೆಲಾಗಮೇ ವೈಫೈಲೋಪಃ.

ವೃತ್ತಿ: ಲಿನಕ್ಸ್ ಲ್ಯಾಪ್‌ಟಾಪಿಗೆ ಹೊಸ ಕರ್ನೆಲ್ ಆಗಮವಾದಲ್ಲಿ ಇದ್ದ ವೈಫೈಗೆ ಲೋಪ ಬರುತ್ತದೆ. ಪ್ರಯೋಗ: ‘ನಿನ್ನಿ ಮಟಾ ಛಲೋ ಇತ್ರಿ, ಅಪ್‌ಡೇಟ್ ಮಾಡಿದ್ ಮ್ಯಾಲ ವೈಫೈನ ತೋರಸವಲ್ದು.’ ಈ ವಾಕ್ಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಕಡೆ ಪಾಠಾಂತರವಿಲ್ಲದೆ ದೊರೆಯುವುದರಿಂದ ಇದೇ ಮೂಲಪಾಠ. ಜಗಳವಿರುವುದು ಕಾರಣದಲ್ಲಿ.

ಇಂಡಿ ಪಂಥದವರು ದೃಷ್ಟಿದೋಷವಾದಿಗಳು. ಊರಿನ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯೇ ಇರುವಾಗ ಪರಿಹಾರಕ್ಕೆ ಪರವೂರಿಗೇಕೆ ಹೋಗಬೇಕು ಎಂಬುದು ಅವರ ವಾದ. ಪರದೆಯ ಮೂಲೆಗೆ ಲಿಂಬೆ-ಮೆಣಸಿನಕಾಯಿ ಕಟ್ಟಿದ ಮೇಲೂ ವೈಫೈ ಹತ್ತದಿದ್ದರೆ, ಹಣ್ಣು ಇಂಡಿಯದ್ದಲ್ಲ ಎಂದು ತೀರ್ಮಾನಿಸುತ್ತಾರೆ.

ಮುದ್ದೇಬಿಹಾಳದವರು 1565ರ ಯುದ್ಧ ತಾಳಿಕೋಟೆಯಲ್ಲಾಯಿತೋ ರಕ್ಕಸಗಿ-ತಂಗಡಗಿಯಲ್ಲಾಯಿತೋ ಎಂಬ ಚರ್ಚೆಯಲ್ಲಿ ಪಳಗಿದವರು. ವೈಫೈ ಬಿದ್ದದ್ದು ರೂಟರಿನಲ್ಲೋ, ಲ್ಯಾಪ್‌ಟಾಪಿನಲ್ಲೋ, ನಡುಗೋಡೆಯಲ್ಲೋ ಎಂಬ ಸ್ಥಳನಿರ್ಣಯ ಇನ್ನೂ ಮುಗಿದಿಲ್ಲ. ಅದೇ ರೂಟರಿಗೆ ಮನೆಯ ಫೋನುಗಳೆಲ್ಲ ಹತ್ತುತ್ತಿವೆ ಎಂಬ ಸಾಕ್ಷ್ಯವನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕಿದ್ದಾರೆ.

ಬಸವಣ್ಣನವರ ಜನ್ಮಸ್ಥಳದ ಪಂಥಕ್ಕೆ ಒದಗಿದ್ದು ತಾತ್ತ್ವಿಕ ಮುಜುಗರ. ಸ್ಥಾವರಕ್ಕಿಂತ ಜಂಗಮ ದೊಡ್ಡದೆಂದು ಕಲಿತ ನೆಲದಲ್ಲಿ, ಕೇಬಲ್ಲಿನ ಸ್ಥಾವರಜಾಲ ಮಿಸುಕದೆ ಉಳಿದಿದೆ; ಗಾಳಿಯಲ್ಲಿ ಅಲೆಯುವ ಜಂಗಮಜಾಲವೇ ಅಳಿದಿದೆ. ಅವರು ಇದನ್ನು ಲ್ಯಾಪ್‌ಟಾಪಿನ ತಪ್ಪೆಂದು ಪರಿಗಣಿಸಿದ್ದಾರೆ. ನಮಗೂ ಬೇರೆ ದಾರಿ ಕಾಣದು.

ಸಿಂದಗಿ ಪಂಥ ಮಾತ್ರ ಶಾಸನಪ್ರಮಾಣವಾದಿ. ಸಂಶೋಧಕ ಎಂ.ಎಂ. ಕಲಬುರ್ಗಿಯವರ ಊರು ಯರಗಲ್ ಇದೇ ತಾಲ್ಲೂಕಿನದು. ಆಕರ ಓದದೆ ಬಾಯಿ ತೆರೆಯುವುದು ಇಲ್ಲಿ ಮರ್ಯಾದೆಯಲ್ಲ. ಇವರು ಟರ್ಮಿನಲ್ಲಿನಲ್ಲಿ ಡಿ-ಮೆಸೇಜ್ ಶಾಸನ ಓದುತ್ತಾರೆ, ಎಲ್‌ಎಸ್‌ಪಿಸಿಐ ಆಜ್ಞೆಯಿಂದ ಚಿಪ್ಪಿನ ವಂಶಾವಳಿ ಹಿಡಿಯುತ್ತಾರೆ, ಆರ್‌ಎಫ್‌ಕಿಲ್ ಕೇಳಿ, ಯಾರೂ ವೈಫೈ ಗುಂಡಿ ಒತ್ತಿ ಆರಿಸಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. (ಆರಿಸಿದ್ದರೆ ಈ ಪ್ರಬಂಧವೇ ಅನಗತ್ಯ.)

ಸಿದ್ಧಾಂತ: ಇಂಟೆಲ್ ಚಿಪ್ಪಿನ ಡ್ರೈವರ್ ಕರ್ನೆಲ್ಲಿನ ಮನೆಮಗ. ಬ್ರಾಡ್‌ಕಾಮ್ ಬಿಸಿಎಂ43142ರಂಥವುಗಳ ‘ಡಬ್ಲ್ಯುಎಲ್’ ಡ್ರೈವರ್ ಹೊರಗಿನಿಂದ ಬಂದ ಅಳಿಯ. ಪ್ರತಿ ಕರ್ನೆಲ್ ಆವೃತ್ತಿಗೂ ಮಾಡ್ಯೂಲುಗಳ ಫೋಲ್ಡರ್ ಬೇರೆ. ಮನೆ ಬದಲಾದಾಗ ಮಗ ತಾನಾಗಿ ಬರುತ್ತಾನೆ, ಅಳಿಯನನ್ನು ಮತ್ತೆ ಕರೆಯಬೇಕು. ಒಳಗಿನ ಸಂಪರ್ಕನಿಯಮಗಳನ್ನು ಎಂದೆಂದಿಗೂ ಸ್ಥಿರವಾಗಿಡುವುದಿಲ್ಲವೆಂದು ಕರ್ನೆಲ್ ನಿರ್ವಾಹಕ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಕರ್ನೆಲ್ಲಿನ ದಾಖಲೆಯಲ್ಲೇ ಬರೆದಿಟ್ಟಿರುವುದರಿಂದ ದೂರು ಕೊಡಲೂ ಬರುವುದಿಲ್ಲ. ಕರೆಯುವ ಕೆಲಸಕ್ಕೆಂದೇ ಡೆಲ್ ಕಂಪನಿಯವರು ಆರಂಭಿಸಿದ ಡಿಕೆಎಂಎಸ್ ಇದೆ: ಹೊಸ ಕರ್ನೆಲ್ ಬಂದೊಡನೆ ಮಾಡ್ಯೂಲನ್ನು ಅದಕ್ಕೆ ತಕ್ಕಂತೆ ಮರಳಿ ಕಟ್ಟುತ್ತದೆ. ಆದರೆ ಕಟ್ಟಲು ಆ ಕರ್ನೆಲ್ಲಿನ ಹೆಡರ್ ಕಡತಗಳು ಬೇಕು; ಅವನ್ನು ಇಳಿಸಿಕೊಳ್ಳಲು ಅಂತರ್ಜಾಲ ಬೇಕು.

ಇಲ್ಲಿ ತರ್ಕಶಾಸ್ತ್ರದ ಅನ್ಯೋನ್ಯಾಶ್ರಯ ದೋಷ ತನ್ನ ಶುದ್ಧ ರೂಪದಲ್ಲಿ ದರ್ಶನ ಕೊಡುತ್ತದೆ. ಹೆಡರ್ ಬಂದರೆ ವೈಫೈ. ವೈಫೈ ಬಂದರೆ ಹೆಡರ್. ನೈಯಾಯಿಕರು ಇದಕ್ಕೆ ಪರಿಹಾರ ಹೇಳಿಲ್ಲ, ಅವರ ಕಾಲದಲ್ಲಿ ಯುಎಸ್‌ಬಿ ಟೆದರಿಂಗ್ ಇರಲಿಲ್ಲ. ಫೋನನ್ನು ಚಾರ್ಜಿಂಗ್ ವೈರಿನಿಂದಲೇ ಲ್ಯಾಪ್‌ಟಾಪಿಗೆ ಜೋಡಿಸಿ ಟೆದರಿಂಗ್ ಚಾಲೂ ಮಾಡಿದರೆ ಅದು ತಂತಿಜಾಲವಾಗಿ ಕಾಣಿಸಿಕೊಳ್ಳುತ್ತದೆ. ಜಂಗಮ ಸ್ಥಾವರದ ವೇಷದಲ್ಲಿ ಬಂತೆಂದು ಬಾಗೇವಾಡಿ ಪಂಥ ಸಮಾಧಾನಪಟ್ಟಿದೆ. ವೈರೂ ಇಲ್ಲದವರು ಲ್ಯಾಪ್‌ಟಾಪ್ ಏಳುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿ, ಗ್ರಬ್ ಪಟ್ಟಿಯಿಂದ ಹಿಂದಿನ ಕರ್ನೆಲ್ಲನ್ನೇ ಆರಿಸಿಕೊಳ್ಳಬಹುದು. ಉಬುಂಟು ಅದನ್ನು ಉಳಿಸಿಕೊಂಡಿರುತ್ತದೆ, ಅಲ್ಲಿ ಹಳೆಯ ವೈಫೈ ಎಂದಿನಂತೆ ಹತ್ತುತ್ತದೆ.

ಅಪವಾದ: ಸೆಕ್ಯೂರ್ ಬೂಟ್ ಜಾರಿಯಲ್ಲಿದ್ದರೆ, ಕಟ್ಟಿದ ಮಾಡ್ಯೂಲಿಗೂ ಮಾನ್ಯತೆ ಪಡೆದ ಕೀಲಿಯ ಸಹಿ ಬೇಕು. ಕೀಲಿ ನೋಂದಾಯಿಸುವಾಗ ಏಳುವ ನೀಲಿ ಪರದೆ, ಬಳಕೆದಾರನೇ ತುಸು ಮೊದಲು ಇಟ್ಟ ಪಾಸ್‌ವರ್ಡನ್ನು ಕೇಳುತ್ತದೆ. ಅದು ಯಾವುದೆಂಬ ಬಗ್ಗೆ ನಾಲ್ಕೂ ಪಂಥಗಳಲ್ಲಿ ಆಧಾರ ದೊರೆತಿಲ್ಲ.