ಮನೆತುಂಬ ಅಡ್ಮಿನ್‌ಗಳು

ಈ ದೇಶದಲ್ಲಿ ಸಾಮಾನ್ಯನಾಗಿರಲು ಯಾರಿಗೂ ಮನಸ್ಸಿಲ್ಲ. ಬಡಾವಣೆಯ ಸಂಘಕ್ಕೆ ಅಧ್ಯಕ್ಷನಾಗಲಾರದವನು ಗೌರವಾಧ್ಯಕ್ಷನಾಗುತ್ತಾನೆ, ಅದೂ ದಕ್ಕದಿದ್ದರೆ ತಾನೇ ಒಂದು ವಾಟ್ಸ್ಆ್ಯಪ್ ಗುಂಪು ಕಟ್ಟಿ ಅಡ್ಮಿನ್ ಆಗುತ್ತಾನೆ. ಇಂಥವರ ಮನೆಗೆ ಬರುವ ವಿಂಡೋಸ್ ಕಂಪ್ಯೂಟರ್ ನಿಮಗೆ ಯಾವ ಹುದ್ದೆ ಬೇಕು ಎಂದು ಕೇಳುವ ಗೋಜಿಗೂ ಹೋಗುವುದಿಲ್ಲ. ಮೊದಲು ಖಾತೆ ತೆರೆದವರನ್ನೇ ಅಡ್ಮಿನಿಸ್ಟ್ರೇಟರ್ ಮಾಡಿ ಕೂರಿಸುತ್ತದೆ. ಗಿರಾಕಿಯ ಮನಸ್ಸು ಬಲ್ಲ ಕಂಪನಿ.

ಯಾವ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಿ, ಎಳ್ಳಷ್ಟೂ ಹೆಚ್ಚು ಬೇಡ ಎಂದು ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ಕಂಪ್ಯೂಟರ್ ವಿಜ್ಞಾನಿಗಳು 1975ರಲ್ಲೇ ಬರೆದಿಟ್ಟಿದ್ದರು. ಯುನಿಕ್ಸ್ ಮಂದಿ ದಿನದ ಕೆಲಸಕ್ಕೊಂದು ಖಾತೆ, ಯಂತ್ರದ ಉಸ್ತುವಾರಿಗೆ ‘ರೂಟ್’ ಎಂಬ ಇನ್ನೊಂದು ಖಾತೆ ಎಂದು ಭಾಗ ಮಾಡಿಕೊಂಡು ಬಾಳುತ್ತಿದ್ದರು. ವಿಂಡೋಸ್ 98 ಮಾತ್ರ ಧಾರಾಳಿ. ಪಾಸ್‌ವರ್ಡ್ ಕೇಳುತ್ತಿತ್ತು, ಗೊತ್ತಿಲ್ಲದವರು ‘ಕ್ಯಾನ್ಸಲ್’ ಒತ್ತಿದರೂ ಒಳಗೆ ಬಿಡುತ್ತಿತ್ತು. 2001ರಲ್ಲಿ ಬಂದ ಎಕ್ಸ್‌ಪಿ, ಮನೆಯಲ್ಲಿ ಯಾರ್‍ಯಾರಿದ್ದೀರಿ ಎಂದು ಹೆಸರು ಬರೆದುಕೊಂಡು, ಅಷ್ಟೂ ಜನರನ್ನು ಪಾಸ್‌ವರ್ಡಿನ ಕಿರಿಕಿರಿಯೂ ಇಲ್ಲದೆ ಅಡ್ಮಿನಿಸ್ಟ್ರೇಟರ್ ಹುದ್ದೆಗೆ ನೇಮಕ ಮಾಡಿತು. ಒಂದನೇ ಕ್ಲಾಸಿನ ಮಗುವಿಗೂ ಹುದ್ದೆ!

ಹುದ್ದೆಯಿಂದ ನಷ್ಟವೇನು ಎನ್ನುತ್ತೀರಾ? ಇಂಟರ್ನೆಟ್‌ನಿಂದ ಇಳಿಸಿ ತೆರೆದ ಪ್ರೋಗ್ರಾಮಿಗೆ ಸ್ವಂತ ಅಧಿಕಾರವೆಂಬುದು ಇರುವುದಿಲ್ಲ, ತೆರೆದವರ ಅಧಿಕಾರವೇ ಅದರದ್ದು. ಅಡ್ಮಿನ್ ‘ಹೂಂ’ ಎಂದನೋ, ಅದು ಆಂಟಿವೈರಸ್ಸಿನ ಬಾಯಿ ಮುಚ್ಚಿಸಬಹುದು, ಯಂತ್ರ ಆನ್ ಆದಾಗಲೆಲ್ಲ ತಾನೂ ಎದ್ದು ಕೂರಬಹುದು, ಮನೆಯ ಉಳಿದವರ ಕಡತಗಳನ್ನೂ ಜಾಲಾಡಬಹುದು. ಸಾಮಾನ್ಯ ಖಾತೆಯಲ್ಲಿ ಇದೇ ಪ್ರೋಗ್ರಾಮು ತೆರೆದರೆ ಅದರ ಆಟ ಬಹುಮಟ್ಟಿಗೆ ಆ ಖಾತೆಯ ಗೋಡೆಯೊಳಗೇ.

ಗೋಡೆ ಎಂದಾಗ ನಮ್ಮ ಬಡಾವಣೆಯ ರಾಯರ ಮನೆ ನೋಡಬೇಕು. ಕೆಲಸದಾಕೆಗೆ ಬೇರೆ ಲೋಟ, ಅದನ್ನಿಡಲು ಬೇರೆ ಗೂಡು. ಪ್ಲಂಬರ್ ಹಿತ್ತಲ ಬಾಗಿಲಿನಿಂದ ಬರಬೇಕು, ನಡುಮನೆಯ ಹೊಸ್ತಿಲು ದಾಟುವಂತಿಲ್ಲ. ದೇವರ ಮನೆಗೆ ಸೊಸೆಯೂ ಕೆಲವು ದಿನ ಇಣುಕುವಂತಿಲ್ಲ. ಯಾರು ಎಲ್ಲಿಯವರೆಗೆ ಬರಬಹುದು ಎಂಬ ಲೆಕ್ಕದಲ್ಲಿ ಆ ಕುಟುಂಬಕ್ಕೆ ತಲೆಮಾರುಗಳ ಅನುಭವವಿದೆ. ಆದರೆ ಕಂಪ್ಯೂಟರಿನಲ್ಲಿ ಇರುವುದು ಒಂದೇ ಖಾತೆ, ಅಡ್ಮಿನ್ ಖಾತೆ. ರಾಯರ ಪಿಂಚಣಿ ಪತ್ರ, ಮಗಳ ಜಾತಕ, ನೆಟ್ ಬ್ಯಾಂಕಿಂಗ್, ಮೊಮ್ಮಗ ಎಲ್ಲಿಂದಲೋ ಪುಕ್ಕಟೆ ತಂದ ಆಟ, ಎಲ್ಲವೂ ಅಲ್ಲೇ ಸಹಪಂಕ್ತಿ ಭೋಜನ. ಬಸವಣ್ಣನವರ ನಾಡಿನಲ್ಲಿ ಸಮಾನತೆ ಕೊನೆಗೂ ನೆಲೆಸಿದ್ದು ರಾಯರ ಸಿ ಡ್ರೈವಿನಲ್ಲಿ. ಊರು ಕೇರಿ ಗೊತ್ತಿಲ್ಲದ ಫೈಲೊಂದು ಬಂದು ಕದ ತಟ್ಟಿದರೆ ‘ಯೆಸ್’ ಎಂದು ನೇರ ದೇವರ ಮನೆಗೇ ಕರೆದೊಯ್ಯುತ್ತಾರೆ.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಸೋದರಳಿಯ ಹಬ್ಬಕ್ಕೆ ಬಂದವನು ಇದನ್ನು ಕಂಡು ಬೆಚ್ಚಿದ. “ಮಾವ, ಸುಮ್ಮನೆ ಇಂಟರ್ನೆಟ್ ಸುತ್ತಾಡೋಕೆ ಒಂದು ಬೇರೆ ಅಕೌಂಟ್ ಮಾಡ್ಕೊಡ್ತೀನಿ. ಸ್ಟ್ಯಾಂಡರ್ಡ್ ಯೂಸರ್ ಅಂತ.”

“ಯಾರೋ ಸ್ಟ್ಯಾಂಡರ್ಡ್? ಸೂಪರಿಂಟೆಂಡೆಂಟ್ ಆಗಿ ರಿಟೈರ್ ಆದೋನು ನಾನು!”

“ಹಾಗಲ್ಲ ಮಾವ, ಬ್ಯಾಂಕಿಗೆ ಒಂದು, ತಿರುಗಾಟಕ್ಕೆ ಒಂದು...”

“ನಮ್ಮನೇಲಿ ಕದ್ದುಮುಚ್ಚಿ ನೋಡೋದು ಏನೂ ಇಲ್ಲ ಕಣಯ್ಯ.”

ಬೇರೆ ಖಾತೆ ಎಂದೊಡನೆ ನಮಗೆ ಹೊಳೆಯುವುದು ಇದೇ. ಗಂಡ ಪ್ರತ್ಯೇಕ ಪಾಸ್‌ವರ್ಡ್ ಇಟ್ಟರೆ ಗುಟ್ಟು, ಹೆಂಡತಿ ಇಟ್ಟರೆ ಗಂಡಾಂತರ, ಮಗಳು ಇಟ್ಟರೆ ಮದುವೆ ಮಾತುಕತೆ.

ನಮ್ಮಂಥವರನ್ನು ತಿದ್ದಲು ಮೈಕ್ರೋಸಾಫ್ಟ್ 2007ರಲ್ಲಿ ವಿಸ್ಟಾ ತಂದು, ಯಂತ್ರದ ಮಟ್ಟದ ಬದಲಾವಣೆಗೆಲ್ಲ ‘ಒಪ್ಪಿಗೆಯೇ?’ ಎಂದು ಪರದೆ ಮಬ್ಬು ಮಾಡಿ ಕೇಳತೊಡಗಿತು. ಆ್ಯಪಲ್ ಇದನ್ನು ಲೇವಡಿ ಮಾಡಿ ಜಾಹೀರಾತನ್ನೇ ಮಾಡಿತು. ಜನರಿಗೆ ಕಿರಿಕಿರಿಯಾಗಲಿ ಎಂದೇ ಅದನ್ನಿಟ್ಟೆವು ಎಂದು ಕಂಪನಿಯ ಅಧಿಕಾರಿಯೊಬ್ಬರು 2008ರಲ್ಲಿ ಸಭೆಯೊಂದರಲ್ಲಿ ಒಪ್ಪಿಕೊಂಡರು. ಎಲ್ಲದಕ್ಕೂ ಅಡ್ಮಿನ್ ಅಧಿಕಾರ ಬೇಡುವ ಸಾಫ್ಟ್‌ವೇರ್ ಬರೆಯುವವರು ಆ ಗೊಣಗಾಟಕ್ಕೆ ಹೆದರಿ ಸರಿಹೋಗಲಿ ಎಂಬ ಲೆಕ್ಕಾಚಾರ. ಅವರು ಒಂದಷ್ಟು ಸರಿಹೋದರು ಕೂಡ. ಆದರೆ ಕಡತ ಓದದೆ ರುಜು ಹಾಕಿ ಪಳಗಿದ ಕೈಗೆ ಕಿರಿಕಿರಿಯ ಭಯವೇ? ಪ್ರಶ್ನೆ ಪೂರ್ತಿ ಮೂಡುವ ಮೊದಲೇ ರಾಯರ ಬೆರಳು ‘ಯೆಸ್’ ಮೇಲಿರುತ್ತದೆ.

ಸೋದರಳಿಯನ ಮದ್ದೂ ಸರ್ವರೋಗಕ್ಕಲ್ಲ, ಅವನೇ ಹೇಳಿದ. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರಿಗೆ ಅಡ್ಮಿನ್ ಅಧಿಕಾರವೇ ಬೇಕೆಂದಿಲ್ಲ. ನೀವು ತಿದ್ದಬಲ್ಲ ಫೋಟೋ, ಪತ್ರ ಎಲ್ಲವನ್ನೂ ಅದು ನಿಮ್ಮ ಹೆಸರಿನಲ್ಲೇ ಕೆಡಿಸಬಲ್ಲದು. ಅದಕ್ಕೇ ತಿರುಗಾಟದ ಖಾತೆಯಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇರಬಾರದು. ಬ್ರೌಸರಿನಲ್ಲಿ ಎರಡು ಪ್ರೊಫೈಲ್ ಮಾಡಿದರೆ ಸಾಲದೇ ಎಂದರೆ, ಸಾಲದು. ಅದು ಕುಕೀ, ಬುಕ್‌ಮಾರ್ಕುಗಳ ಪಾಲುಪಟ್ಟಿ ಮಾತ್ರ, ಫೈಲುಗಳ ಮಟ್ಟಿಗೆ ಇಬ್ಬರೂ ಒಂದೇ ಮನೆಯವರು. ಇನ್ನು ಫೋನಿನಲ್ಲಿ ಸಿಹಿಯಾಗಿ ಮಾತಾಡಿದವನಿಗೆ ಒಟಿಪಿ ಓದಿ ಹೇಳುವವರಿಗೆ ಯಾವ ಖಾತೆಯೂ ಅಡ್ಡ ಬರುವುದಿಲ್ಲ.

ತಮಾಷೆಯೆಂದರೆ ರಾಯರ ಜೇಬಿನಲ್ಲಿರುವ ಆ್ಯಂಡ್ರಾಯ್ಡ್ ಫೋನು ಇದನ್ನೆಲ್ಲ ಅವರನ್ನು ಕೇಳದೆಯೇ ಮಾಡಿ ಮುಗಿಸಿದೆ. ಅಲ್ಲಿ ಒಂದೊಂದು ಆ್ಯಪ್‌ಗೂ ಒಂದೊಂದು ಬಳಕೆದಾರ ಸಂಖ್ಯೆ, ಒಂದೊಂದು ಪ್ರತ್ಯೇಕ ಕೋಣೆ. ಪಂಚಾಂಗದ ಆ್ಯಪ್ ಬ್ಯಾಂಕಿನ ಆ್ಯಪ್‌ನ ಕೋಣೆಗೆ ಕಾಲಿಡಲಾಗದು. ರಾಯರು ಮಾತ್ರ, ಟಾರ್ಚ್ ಹೊತ್ತಿಸುವ ಆ್ಯಪ್ ನೆಂಟರಿಷ್ಟರ ಫೋನ್ ನಂಬರುಗಳನ್ನೆಲ್ಲ ಕೇಳಿದಾಗ, ಪಾಪ ಏನು ಕಷ್ಟವೋ ಎಂದು ‘ಅಲೋ’ ಒತ್ತಿದ್ದಾರೆ.

ಸಂಧಾನ ನಡೆಯಿತು. ಎರಡನೇ ಖಾತೆಗೆ ರಾಯರು ಒಪ್ಪಿದರು, ಆದರೆ ಅದನ್ನು ಹೆಂಡತಿಯ ಹೆಸರಿನಲ್ಲಿ ಮಾಡಿಸಿದರು. “ಅವಳಿಗೆ ಸ್ಟ್ಯಾಂಡರ್ಡ್ ಸಾಕು.” ಆಕೆ ಬೇಸರಪಡಲಿಲ್ಲ. ಹಳೆಯ ಸಿನಿಮಾ ಹಾಡು, ಹಪ್ಪಳದ ರೆಸಿಪಿ, ಅಮೆರಿಕದ ತಂಗಿಗೆ ಒಂದು ಮೇಲ್, ಅಷ್ಟರಲ್ಲೇ ಅವರ ಪ್ರಪಂಚ. ಹೀಗೆ ಅಧಿಕಾರವಿಲ್ಲ ಎಂಬ ಒಂದೇ ಅರ್ಹತೆಯ ಮೇಲೆ ಆ ಮನೆಯಲ್ಲಿ ಕ್ಷೇಮವಾಗಿ ಇಂಟರ್ನೆಟ್ ನೋಡುವವರು ಅವರೊಬ್ಬರೇ. ಅವರ ಪರದೆಯ ಮೇಲೆ ಏನಾದರೂ ಒಳಗೆ ಬರಬೇಕೆಂದರೆ ಯಂತ್ರ ‘ಯೆಸ್’ಗೆ ತೃಪ್ತಿಪಡುವುದಿಲ್ಲ, ಅಡ್ಮಿನ್ ಪಾಸ್‌ವರ್ಡನ್ನೇ ಕೇಳುತ್ತದೆ.

“ರೀ, ಇಲ್ಲೇನೋ ಕೇಳ್ತಿದೆ, ಬೇಡ ಅನ್ನಲಾ?”

“ನಿನಗೇನು ಗೊತ್ತಾಗುತ್ತೆ, ಸರಿ ಆ ಕಡೆ” ಎಂದು ರಾಯರು ಕನ್ನಡಕವನ್ನೂ ಹಾಕಿಕೊಳ್ಳದೆ ಪಾಸ್‌ವರ್ಡ್ ಕುಟ್ಟುತ್ತಾರೆ.